ನೀಲವ್ವ ತಿದ್ದಿದ ಮನೆಯ ಮಾರಿ

ಇವತ್ತು ಬೆಳಿಗ್ಗೆ ಬಾಗಿಲು ತೆರೆದಾಗ ಓಣಿಯ ತುಂಬ ಹಸಿ ಸುಣ್ಣದ ವಾಸನೆ. ಎದುರುಮನೆಯವರು ಮನೆ ಮಾರುತ್ತಾರಂತೆ. ನೋಡಲು ಯಾರೋ ಬರುವವರಿದ್ದಾರೆಂದು ಆಳುಗಳು ನಿಚ್ಚಣಿಕೆ ಹಾಕಿಕೊಂಡು ಮುಂದಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಮುಂದಿನ ಗೋಡೆಗೆ ಮಾತ್ರ. ಸಂದಿಯ ಕಡೆಯದು ಎಂದಿನಂತೆ ಬೋಳಾಗಿಯೇ ಇತ್ತು. ಸುಮ್ಮನಿರಲಾರದೆ, "ಆ ಬಾಜೂಕ ಹಚ್ಚೂದಿಲ್ಲೇನಪಾ?" ಎಂದು ಕೇಳಿದೆ.

"ಕೊಳ್ಳಾಕ ಬರೋರು ಮುಂದಿಂದ ಬರ್ತಾರ ಬಿಡ್ರಿ ಅಮ್ಮಾರ," ಎಂದು ಅವರಲ್ಲೊಬ್ಬ ಕುಂಚ ಅದ್ದಿದ.

ಅದೂ ಸರಿಯೇ. ನಾನು ಒಳಗೆ ಬಂದು ಒಲೆಯ ಮುಂದೆ ಕುಳಿತೆ. ಆದರೆ ವಾಸನೆ ನನ್ನ ಬೆನ್ನ ಹಿಂದೆಯೇ ಒಳಗೆ ಬಂದುಬಿಟ್ಟಿತ್ತು. ಈ ವಯಸ್ಸಿನಲ್ಲಿ ನನಗೆ ನೆಟ್ಟಗೆ ಉಳಿದಿರುವುದು ಮೂಗು ಒಂದೇ. ಸೂಜಿಗೆ ದಾರ ಏರಿಸಬೇಕಾದರೆ ಮೊಮ್ಮಗಳನ್ನು ಕರೆಯಬೇಕು, ನಿನ್ನೆ ಏನು ಉಂಡೆ ಎಂದರೆ ಯೋಚಿಸಬೇಕು; ಮೂಗು ಮಾತ್ರ ಯಾವುದನ್ನೂ ಕಳೆದುಕೊಂಡಿಲ್ಲ. ಚಹಾ ಕುದಿಯುವ ಹೊತ್ತಿಗೆ ನಾನು ಬಾಗಲಕೋಟೆಯಲ್ಲಿರಲಿಲ್ಲ. ಇಳಕಲ್ಲಿನ ನಮ್ಮ ಹಳೆಯ ಮನೆಯ ಮುಂದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕೈಯವರೆಗೆ ಸುಣ್ಣ ಮಾಡಿಕೊಂಡು ನಿಂತಿದ್ದೆ. ಪಕ್ಕದಲ್ಲಿ ನೀಲವ್ವ ಇದ್ದಳು.

ನೀಲವ್ವ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಹುನಗುಂದದಿಂದ ಆ ಮನೆಗೆ ಸೊಸೆಯಾಗಿ ಬಂದಾಗ ಅವಳು ಬಂದು ಕೆಲವು ವರ್ಷಗಳಾಗಿದ್ದವು. ಬಾದಾಮಿ ಕಡೆಯ ಹಳ್ಳಿಯವಳು. ಎತ್ತರದ ಆಳು, ದೊಡ್ಡ ಹೆಜ್ಜೆ, ಮಾತು ಕಡಿಮೆ. ನನ್ನದು ಎಲ್ಲವೂ ಅದಕ್ಕೆ ತಿರುವುಮುರುವು. ನನ್ನ ತವರುಮನೆ ಹುನಗುಂದದ ಕಚೇರಿಯ ಹತ್ತಿರ ಇತ್ತು. ನಮ್ಮ ಕಟ್ಟೆಯ ಮೇಲೆ ಹಗಲೆಲ್ಲ ಪಕ್ಷಗಾರರು ಕುಳಿತು ವ್ಯಾಜ್ಯದ ಮಾತಾಡುತ್ತಿದ್ದರು. ಅದನ್ನು ಕೇಳಿ ಕೇಳಿ ನನಗೆ ಮಾತು ಬಂದಿತ್ತು, ಕೆಲಸ ಬಂದಿರಲಿಲ್ಲ. ಹೊಸದರಲ್ಲಿ ನಾನು ಬಡಿದ ರೊಟ್ಟಿ ನೋಡಿ ಅತ್ತೆ ಗುರವ್ವ, "ಇದೇನವಾ, ರೊಟ್ಟಿನೋ ಹುನಗುಂದ ತಾಲೂಕಿನ ನಕಾಶೆನೋ?" ಎಂದಿದ್ದರು. ನೀಲವ್ವ ನಗಲಿಲ್ಲ. ಅಂದಿನಿಂದ ನನ್ನ ರೊಟ್ಟಿಗಳನ್ನು ಕೆಳಗಿಟ್ಟು, ಮೇಲೆ ತನ್ನವನ್ನು ಇಟ್ಟು ಬುಟ್ಟಿ ಮುಚ್ಚತೊಡಗಿದಳು. ಕೊನೆಗೆ ಆ ಕೆಳಗಿನವು ಅವಳ ತಾಟಿಗೇ ಬರುತ್ತಿದ್ದವು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ನಮ್ಮದು ನೇಯುವ ಮನೆ. ಒಳಗೆ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವ ಮಗ್ಗ. ಭಾವ ಮಲ್ಲಪ್ಪ ನೇಯುತ್ತಿದ್ದರು, ನಮ್ಮವರು ಸೀರೆಗಳನ್ನು ಸಂತೆಗೆ ಒಯ್ಯುತ್ತಿದ್ದರು. ಸೀರೆಯ ಒಡಲಿನ ನೂಲಿಗೆ ಸೆರಗಿನ ಕೆಂಪು ರೇಷ್ಮೆಯನ್ನು ಎಳೆ ಎಳೆಯಾಗಿ ಸಿಕ್ಕಿಸಿ ಜೋಡಿಸುವುದು ನೀಲವ್ವನ ಕೆಲಸ. ಗಂಡ ಹೆಂಡತಿ ಅಷ್ಟು ಹೊತ್ತು ಎದುರುಬದುರು ಕುಳಿತರೂ ಒಂದು ಮಾತು ಹೊರಗೆ ಕೇಳುತ್ತಿರಲಿಲ್ಲ. ಇವರಿಬ್ಬರ ನಡುವೆ ಜಗಳವಾಗಿದೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಒಂದು ಮಧ್ಯಾಹ್ನ ನೀರು ಕೊಡಲು ಹೋದೆ. ಭಾವ ಕೈಯಲ್ಲಿ ನೂಲು ಹಿಡಿದುಕೊಂಡು, ಕೆಲಸ ಮರೆತು, ತಲೆ ಬಗ್ಗಿಸಿ ಕುಳಿತಿದ್ದ ಅವಳನ್ನು ನೋಡುತ್ತಿದ್ದರು. ನಾನು ತಂಬಿಗೆಯನ್ನು ಬಾಗಿಲಲ್ಲೇ ಇಟ್ಟು ಬಂದೆ.

ಆಮೇಲೆ ಪ್ಲೇಗು ಬಂತು. ಈಗಿನವರಿಗೆ ಅದನ್ನು ಹೇಗೆ ಹೇಳಲಿ? ಮನೆಯಲ್ಲಿ ಇಲಿ ಬಿದ್ದಿತು ಎಂದರೆ ಸಾಕು, ಇದ್ದದ್ದನ್ನು ಇದ್ದ ಹಾಗೆ ಬಿಟ್ಟು ಜನ ಊರ ಹೊರಗೆ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಾವೂ ಹೋದೆವು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯೊಂದು ಉಳಿದಿತ್ತು. ಯಾರದೋ ಮದುವೆಯದು. ಭಾವ ಅದನ್ನು ಮುಗಿಸಿ ಬರುತ್ತೇನೆಂದು ಮನೆಗೆ ಹೋದವರು ತಿರುಗಿ ಗುಡಿಸಲಿಗೆ ಬರಲಿಲ್ಲ. ಜ್ವರ ಬಂದದ್ದು ಗೊತ್ತಾಗಿ ನೀಲವ್ವ ಓಡಿದಳು; ಕೊನೆಗಾಲದಲ್ಲಿ ಅವರ ಹತ್ತಿರ ಇದ್ದವಳು ಅವಳೊಬ್ಬಳೇ. ಸರಕಾರದ ಆಳುಗಳು ಬಂದು ಮನೆಗೆ ಬೀಗ ಹಾಕಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಡಾಂಬರಿನಿಂದ ದೊಡ್ಡದೊಂದು ವೃತ್ತ ಬರೆದು ನಡುವೆ ಗೆರೆ ಎಳೆದು ಹೋದರು. ಈ ಮನೆಯಲ್ಲಿ ಪ್ಲೇಗಿನ ಸಾವಾಗಿದೆ ಎಂದು ಅದರ ಅರ್ಥ. ಓದು ಬಾರದವರಿಗೂ ಅದು ಓದಲು ಬರುತ್ತಿತ್ತು.

ರೋಗ ಇಳಿದು ಊರು ತುಂಬಿದ ಮೇಲೆ ನಾವೂ ಬಂದೆವು. ಮನೆಯನ್ನು ಕಂಡು ಅತ್ತೆ ಓಣಿಯಲ್ಲೇ ಕುಳಿತುಬಿಟ್ಟರು. ಮಳೆಯ ನೀರು ಮಾಳಿಗೆಯಿಂದ ಇಳಿದು ಗೋಡೆಯ ಮೇಲೆ ಉದ್ದುದ್ದ ಕೊರೆದಿತ್ತು. ಕೆಂಪುಕಲ್ಲಿನ ಕಟ್ಟೆಯ ಒಂದು ಮೂಲೆ ಜರಿದಿತ್ತು. ಬಾಗಿಲು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಆ ಕಪ್ಪು ವೃತ್ತ ಮಾತ್ರ ನಿನ್ನೆ ಬರೆದಷ್ಟು ಹೊಸದಾಗಿತ್ತು. ನಾವು ಒಳಗೆ ಸೇರಿಕೊಂಡೆವು, ಆದರೆ ಓಣಿ ನಮ್ಮನ್ನು ಸೇರಿಸಿಕೊಳ್ಳಲಿಲ್ಲ. ನಮ್ಮ ಮನೆಯ ಮುಂದೆ ಬಂದಾಗ ಜನ ಆಚೆ ಮಗ್ಗುಲಿಗೆ ಸರಿದು ನಡೆಯುತ್ತಿದ್ದರು. ಕಾಯಿಪಲ್ಯ ಮಾರುವವಳು ಹಿಂದಿನ ಮನೆಯಲ್ಲಿ ಕೂಗಿ, ನಮ್ಮ ಮುಂದೆ ಬಾಯಿ ಮುಚ್ಚಿ, ಮುಂದಿನ ಮನೆಯಲ್ಲಿ ಮತ್ತೆ ಕೂಗುತ್ತಿದ್ದಳು.

ನಮ್ಮವರ ಸೋದರಮಾವನ ಬಟ್ಟೆ ಅಂಗಡಿ ಬಾಗಲಕೋಟೆಯಲ್ಲಿತ್ತು. ಬಂದುಬಿಡಿ, ಅಂಗಡಿ ನೋಡಿಕೊಂಡಿರಿ ಎಂದು ಅವರು ಹೇಳಿ ಕಳಿಸಿದರು. ಇಲ್ಲಿ ಮಗ್ಗ ಸುಮ್ಮನಾಗಿತ್ತು. ಆ ಸುಮ್ಮನಿರುವಿಕೆಯಲ್ಲಿ ಅತ್ತೆಗೆ ಊಟ ಸೇರುತ್ತಿರಲಿಲ್ಲ. ಮನೆ ಮಾರಿ ಹೋಗುವುದೆಂದು ನಿಶ್ಚಯವಾಯಿತು. ನಮ್ಮವರು ದಲಾಲಿ ಹುಸೇನಸಾಬರನ್ನು ಕರೆತಂದರು. ಅವರು ನಮ್ಮ ಮಾವನವರ ಕಾಲದ ಗೆಳೆಯರು, ಊರಿನಲ್ಲಿ ಕೈ ಬದಲಾದ ಅರ್ಧ ಮನೆಗಳು ಅವರ ಮಾತಿನ ಮೇಲೇ ಬದಲಾದದ್ದು. ಕೊಳ್ಳುವವರನ್ನು ಅವರು ಕರೆತಂದದ್ದೂ ಆಯಿತು. ಆದರೆ ಬಂದವರು ಓಣಿಯ ತಿರುವಿನಲ್ಲೇ ನಿಂತು, ಗೋಡೆ ನೋಡಿ, ಏನೋ ಕೆಲಸ ನೆನಪಾಯಿತೆಂದು ಹೋಗಿಬಿಡುತ್ತಿದ್ದರು. ಕೊನೆಗೆ ಹುಸೇನಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡು ಹೇಳಿದರು:

"ಒಳಗ ಭೇಷ್ ಐತ್ರಿ ಮನಿ. ಆದ್ರ ಮಂದಿ ಒಳಗ ಬರಬೇಕಲ್ರಿ? ಮಾರಿ ನೋಡೇ ಹೊಳ್ಳಿ ಹೋಗ್ತಾರ. ಮೊದಲ ಮನಿ ಮಾರಿ ತೊಳೀರಿ."

ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತೇವೆ. ಜನರನ್ನು ಒಯ್ಯುವ ಬೇನೆಗೂ ಮಾರಿ ಎಂದೇ ಹೆಸರು. ಅಂದು ಆ ಮಾತು ಕೇಳಿದಾಗ ನಮಗೆ ಯಾರಿಗೂ ನಗು ಬರಲಿಲ್ಲ.

ಮರುದಿನವೇ ನಾನೂ ನೀಲವ್ವನೂ ಸುಣ್ಣ ಕಲಸಿದೆವು. ಒಂದು ಕೈ ಬಳಿದೆವು. ಹಸಿ ಇರುವಾಗ ಬೆಳ್ಳಗೆ ಚೆನ್ನಾಗಿಯೇ ಕಂಡಿತು. ಒಣಗುತ್ತ ಬಂದಂತೆ ಡಾಂಬರು ಒಳಗಿನಿಂದ ಕಂದಾಗಿ ಒಸರಿ, ವೃತ್ತ ಮತ್ತೆ ಮೂಡಿತು. ಇನ್ನೊಂದು ಕೈ ಬಳಿದೆವು. ಮತ್ತೆ ಮೂಡಿತು. ಈಗ ಮೊದಲಿಗಿಂತ ಕೆಟ್ಟದಾಗಿ, ಹಳೆಯ ಬೇನೆ ಮೈಮೇಲೆ ಎದ್ದ ಹಾಗೆ ಕಾಣುತ್ತಿತ್ತು. ಗಿಲಾವನ್ನೇ ಕೆರೆದು ತೆಗೆದು ಹೊಸದು ಹಾಕಬೇಕು ಎಂದು ನೀಲವ್ವ ಕುಡುಗೋಲು ತಂದಳು.

ಅತ್ತೆ ಬಾಗಿಲಿಗೆ ಬಂದು ಅವಳ ಕೈ ಹಿಡಿದರು.

"ಅದನ್ನ ಮುಟ್ಟಬ್ಯಾಡ. ನನ್ನ ಮಗಾ ಇಲ್ಲೆ ಇದ್ದ ಅನ್ನೂದಕ್ಕ ಅದೊಂದ ಉಳದೈತಿ."

ನಾವೆಲ್ಲ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದ ಆ ಗುರುತನ್ನು ಅವರು ದಿನವೂ ಮಗನ ಪಟದ ಹಾಗೆ ನೋಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಅವರ ಕಾಲಕ್ಕೆ ಪಟ ಎಲ್ಲಿತ್ತು? ಭಾವನ ಬಗ್ಗೆ ಯಾರಾದರೂ ಏನಾದರೂ ಬರೆದದ್ದೆಂದರೆ ಅದೊಂದೇ.

ನೀಲವ್ವ ಕೈ ಬಿಡಿಸಿಕೊಳ್ಳಲಿಲ್ಲ. "ಅದು ಅವರ ಗುರುತಲ್ಲರಿ ಅತ್ತಿ. ಜಡ್ಡಿನ ಗುರುತು. ಯಾವನೋ ಬಂದು ಅವರ ಮಾರಿನೂ ನೋಡಲಾರದ ಬರದು ಹೋದ. ಅದನ್ನ ನೋಡಿದಾಗೆಲ್ಲಾ ನಂಗ ಅವರ ಜ್ವರ ನೆನಪಾಗತೈತಿ, ಅವರು ನೆನಪಾಗೂದಿಲ್ಲ," ಎಂದಳು.

ಅಷ್ಟು ಉದ್ದ ಮಾತು ಅವಳ ಬಾಯಿಂದ ನಾನು ಕೇಳಿರಲಿಲ್ಲ. ಅತ್ತೆ ಕೈ ಬಿಟ್ಟರು. ಒಳಗೆ ಹೋಗಿ ಗೋಡೆಗೆ ಬೆನ್ನು ಮಾಡಿ ಕುಳಿತರು. ಹೊರಗೆ ನೀಲವ್ವ ಕೆರೆಯತೊಡಗಿದಳು. ಆ ಸಪ್ಪಳ ಒಳಗಿನವರಿಗೆ ಇನ್ನೂ ಜೋರಾಗಿ ಕೇಳಿಸಿರಬೇಕು. ಡಾಂಬರು ಹತ್ತಿದ ಮಣ್ಣನ್ನೆಲ್ಲ ಅವಳು ಬುಟ್ಟಿಯಲ್ಲಿ ತುಂಬಿ, ನನ್ನ ಕೈಗೂ ಕೊಡದೆ, ತಾನೇ ಹಳ್ಳದ ಕಡೆಗೆ ಒಯ್ದು ಬಂದಳು.

ಆಮೇಲೆ ಅವಳು ನಿಲ್ಲಲಿಲ್ಲ. ಮಣ್ಣಿಗೆ ಹೊಟ್ಟು, ಸೆಗಣಿ ಕಲಸಿ ಕೊಳೆಹಾಕಿ, ತುಳಿದು ಹದ ಮಾಡಿದಳು. ಹಳೆಯ ಗಿಲಾವಿಗೆ ಹೊಸದನ್ನು ಸೀರೆಗೆ ಸೆರಗು ಕೂಡಿಸಿದ ಹಾಗೆ ಕೂಡಿಸಿದಳು. ಎಲ್ಲಿ ಸೇರಿದೆಯೆಂದು ಬೆರಳಾಡಿಸಿದರೂ ತಿಳಿಯುತ್ತಿರಲಿಲ್ಲ. ಜರಿದ ಕಟ್ಟೆಯ ಕಲ್ಲುಗಳನ್ನು ನಮ್ಮವರು ಎತ್ತಿ ಕೊಟ್ಟರು, ಅವಳು ಕೂರಿಸಿದಳು. ಬಾಗಿಲಿಗೆ ಕುಸುಬಿ ಎಣ್ಣೆ ಕುಡಿಸಿದೆವು. ಕುಡಿಸಿದೆವು ಎಂದೇ ಹೇಳಬೇಕು, ಅಷ್ಟು ಬಾಯಾರಿತ್ತು ಅದು. ಗೋಡೆಯ ಬುಡಕ್ಕೆ ಹಚ್ಚಲು ಕೆಮ್ಮಣ್ಣು ಬೇಕಾಗಿತ್ತು. ಊರಲ್ಲಿ ಸಿಕ್ಕಿದ್ದು ಅವಳಿಗೆ ಒಪ್ಪಿಗೆಯಾಗಲಿಲ್ಲ. ಬಾದಾಮಿ ಕಡೆಯಿಂದ ಬಂದಿದ್ದ ಅವಳ ಅಣ್ಣನಿಗೆ ಹೇಳಿ ಒಂದು ಚೀಲ ತರಿಸಿದಳು. ಬೆಟ್ಟವೇ ಕೆಂಪಾಗಿರುವ ಸೀಮೆಯ ಮಣ್ಣು. ಅದನ್ನು ಬಳಿದ ಸಂಜೆ ಓಣಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಕಾಯಿಪಲ್ಯದವಳು ನಮ್ಮ ಮನೆಯ ಮುಂದೆ ಕೂಗಿದಳು. ಬೇಕಿಲ್ಲದಿದ್ದರೂ ನಾನು ಬದನೆಕಾಯಿ ಕೊಂಡೆ.

ರಂಗೋಲಿ ಹಾಕುವುದು ನನ್ನ ಪಾಲಿಗೆ ಬಂತು. ಗಂಡ ಸತ್ತವಳು ಹೊಸ್ತಿಲ ಮುಂದೆ ರಂಗೋಲಿ ಹಾಕಬಾರದೆಂದು ಆಗಿನ ನೇಮ. ಅಷ್ಟು ಚೆಂದದ ಗೋಡೆಯ ಕೆಳಗೆ ನನ್ನ ಸೊಟ್ಟ ಗೆರೆಗಳು ಹೇಗೆ ಕಾಣುತ್ತಿದ್ದವೋ ನೀವೇ ಊಹಿಸಿಕೊಳ್ಳಿ. ನೀಲವ್ವ ಬಾಗಿಲ ಒಳಗೆ ನಿಂತು, "ಎಡಕ್ಕ ಇನ್ನೊಂದೀಟ ಎಳಿ. ಅಲ್ಲ ಹುಚ್ಚೀ, ನಿನ್ನ ಎಡಕ್ಕ," ಎನ್ನುತ್ತಿದ್ದಳು.

ಒಂದು ದಿನ ನಾನು ಅವಳನ್ನು ಕೇಳಿದೆ, "ಹೋಗೂ ಮನಿಗೆ ಇಷ್ಟ ಯಾಕ ಕಷ್ಟಪಡ್ತಿ ಅಕ್ಕಾ? ಮಾರೂದಕ್ಕ ಇಷ್ಟ ಸಾಕಲ್ಲ."

"ಮಾರಾಕಂತ ಅಲ್ಲ ತಂಗಿ ನಾ ಮಾಡಾಕತ್ತಿದ್ದು. ಅವರು ಇದ್ದ ಮನಿ ಮುಂದ ಮಂದಿ ಮೂಗು ಮುಚಗೊಂಡು ಹೋಗಬಾರದು. ಅಷ್ಟ," ಎಂದಳು.

ಆ ಹೊತ್ತಿಗೇ ಸಂಗಪ್ಪ ಬಂದದ್ದು. ಅಮೀನಗಡದವನು, ನಮ್ಮ ಪೈಕಿಯವನೇ. ನೂಲಿನ ವ್ಯಾಪಾರ ಮಾಡುತ್ತಿದ್ದ, ಇಳಕಲ್ಲಿನಲ್ಲಿ ನೆಲೆಸಬೇಕೆಂದು ಮನೆ ಹುಡುಕುತ್ತಿದ್ದ. ಮೂವತ್ತು ದಾಟಿದ, ನಿಧಾನವಾಗಿ ಮಾತಾಡುವ ಮನುಷ್ಯ. ಹುಸೇನಸಾಬರು ಮೊದಲೇ ನಮಗೆಲ್ಲ ತಾಕೀತು ಮಾಡಿದ್ದರು: ಕೇಳಿದರೆ ಮಾತ್ರ ಹೇಳುವುದು, ಕೇಳಿದರೂ ತೇಲಿಸಿ ಹೇಳುವುದು. ಸಂಗಪ್ಪ ಒಳಗೆ ಬರುವ ಆತುರ ತೋರಿಸಲಿಲ್ಲ. ಕಟ್ಟೆಯ ಮೇಲೆ ಕುಳಿತು ಗೋಡೆಯ ಮೇಲೆ ಅಂಗೈ ಇಟ್ಟ. ಅತ್ತಿತ್ತ ನೋಡಿದ. ನನ್ನ ರಂಗೋಲಿಯನ್ನೂ ನೋಡಿ ಬೇಗ ಕಣ್ಣು ತೆಗೆದ. ನಂತರ ನಮ್ಮವರನ್ನು ಕೇಳಿದ:

"ಈ ಮನ್ಯಾಗ ಬ್ಯಾನಿ ಬಂದಿತ್ತೇನ್ರಿ?"

ನಮ್ಮವರು ಹುಸೇನಸಾಬರ ಮುಖ ನೋಡಿದರು. ಹುಸೇನಸಾಬರು, "ಊರಿಗೆ ಬಂದ ಬ್ಯಾನಿ ಅಲ್ರಿ ಅದು, ಎಲ್ಲಾ ಕಡೆ—" ಎಂದು ತೇಲಿಸಲು ಹೊರಟರು. ಅಷ್ಟರಲ್ಲಿ ನೀರಿನ ತಂಬಿಗೆ ಹಿಡಿದು ಬಂದ ನೀಲವ್ವ ಅದನ್ನು ಕಟ್ಟೆಯ ಮೇಲಿಟ್ಟು ಹೇಳಿದಳು:

"ಬಂದಿತ್ತರಿ. ನನ್ನ ಮಾಲಕರು ಇಲ್ಲೆ ತೀರಿಕೊಂಡಾರ. ನೀವು ಕೈ ಇಟ್ಟೀರಲ್ಲ, ಅಲ್ಲೇ ಗುರುತು ಇತ್ತು. ನಾನ ಕೆರದೇನಿ."

ಸಂಗಪ್ಪ ಕೈ ತೆಗೆಯಲಿಲ್ಲ. ಹುಸೇನಸಾಬರು ಆಕಾಶ ನೋಡಿದರು. ಅವನು, "ನಮ್ಮ ಮನ್ಯಾಗನೂ ಹೋದಳ್ರಿ, ನನ್ನ ಹೇಣತಿ," ಎಂದ. ನೀರು ಕುಡಿದ. ಎದ್ದು ನಮಸ್ಕಾರ ಹೇಳಿ ಹೋಗಿಬಿಟ್ಟ.

ಅಂದು ನಮ್ಮವರು ಉಣ್ಣಲಿಲ್ಲ. ಅತ್ತಿಗೆಗೆ ಎದುರು ಮಾತಾಡಿದವರಲ್ಲ, ಆದರೂ, "ಒಂದ ದಿನ ಸುಮ್ಮನಿದ್ದರ ಏನಾಗತಿತ್ತ ವೈನಿ?" ಎಂದರು. ಅತ್ತೆಯೇ ಒಳಗಿನಿಂದ, "ಆಕಿ ಸುಮ್ಮನಿದ್ದಿದ್ದರ ನನ್ನ ಮಗಾ ಈ ಮನ್ಯಾಗ ಇದ್ದೇ ಇರಲಿಲ್ಲ ಅಂದಂಗ ಆಗತಿತ್ತು. ನೀ ಉಣ್ಣು," ಎಂದರು.

ಸಂಗಪ್ಪ ಮತ್ತೆ ಬರುವನೆಂದು ನಾವು ಯಾರೂ ನೆನೆಸಿರಲಿಲ್ಲ. ಹಲವು ದಿನಗಳ ಮೇಲೆ ಒಂದು ಮುಂಜಾನೆ ಬಂದ. ಅಮೀನಗಡದ ಕರದಂಟು ಎಲೆಯಲ್ಲಿ ಕಟ್ಟಿಸಿಕೊಂಡು ತಂದಿದ್ದ. ಅತ್ತೆ ಅದನ್ನು ಮುಟ್ಟಲಿಲ್ಲ, ನೀಲವ್ವ ನೋಡಲಿಲ್ಲ. ಮನೆತನದ ಮಾನ ಕಾಯುವ ಈ ಕೆಲಸದಲ್ಲಿ ನನ್ನ ಕೈಲಾದದ್ದನ್ನು ನಾನು ಮಾಡಿದೆ. ಒಬ್ಬಳೇ ಎಲ್ಲವನ್ನೂ ತಿಂದೆ. ಈ ಸಲ ಅವನು ಒಳಗೆ ಬಂದು ಮನೆ ನೋಡಿದ, ಮಗ್ಗದ ಕುಣಿಯ ಹತ್ತಿರ ಸ್ವಲ್ಪ ನಿಂತ. ಹೊರಗೆ ಬಂದು ನಮ್ಮವರಿಗೆ ಹೇಳಿದ:

"ಊರಾಗ ಭಾಳ ಮನಿ ನೋಡಿದೆರಿ. ಎಲ್ಲಾರೂ ನಮ್ಮ ಮನ್ಯಾಗ ಏನೂ ಆಗಿಲ್ಲ ಅಂತಾರ. ಹಂಗಾರ ಸತ್ತ ಮಂದೆಲ್ಲಾ ಎಲ್ಲೆ ಸತ್ರು? ನಂಗ ಈ ಮನಿ ಬೇಕು."

ವ್ಯವಹಾರ ಕುದುರಿತು. ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಆದರೆ ಕೆಲವು ದಿನಗಳಲ್ಲಿ ಹುಸೇನಸಾಬರು ಒಬ್ಬರೇ ಬಂದು, ಕಟ್ಟೆಯ ಮೇಲೆ ಕುಳಿತು, ಬಹಳ ಹೊತ್ತು ಮಳೆ ಬೆಳೆ ಮಾತಾಡಿ, ಎದ್ದು ಹೋಗುವಾಗ ಅತ್ತೆಗೆ ಹೇಳಿದರು: ಸಂಗಪ್ಪ ಮನೆಯ ಹಿರಿಯರನ್ನು ಕಳಿಸುವವನಿದ್ದಾನೆ, ನೀಲವ್ವ ಒಪ್ಪಿದರೆ ಉಡಿಕೆ ಮಾಡಿಕೊಳ್ಳುತ್ತಾನಂತೆ.

ಗಂಡ ಸತ್ತವಳು ಇನ್ನೊಬ್ಬನ ಕೈಹಿಡಿಯುವುದಕ್ಕೆ ನಮ್ಮಲ್ಲಿ ಉಡಿಕೆ ಎನ್ನುತ್ತಾರೆ. ಹೊಸ ಸೀರೆ ಉಡಿಸಿ ಕರೆದೊಯ್ಯುವುದು, ವಾಲಗವಿಲ್ಲ, ಹಂದರವಿಲ್ಲ. ತಪ್ಪು ಎಂದು ಯಾರೂ ಅನ್ನುತ್ತಿರಲಿಲ್ಲ, ಆದರೆ ಹೆಮ್ಮೆಯಿಂದ ಹೇಳಿಕೊಳ್ಳುವುದೂ ಅಲ್ಲ. ಉಡಿಕೆಯಾದವಳಿಗೂ ಮೊದಲಿನ ಗಂಡನ ಮನೆಗೂ ಅಲ್ಲಿಗೆ ನಂಟು ಹರಿಯಿತೆಂದೇ ಲೆಕ್ಕ. ಅವರು ಇವರ ಮನೆಗೆ ಬರುವಂತಿಲ್ಲ, ಇವರು ಅವರ ಮನೆಗೆ ಹೋಗುವಂತಿಲ್ಲ.

ಅಂದಿನಿಂದ ಅತ್ತೆ ನೀಲವ್ವನೊಂದಿಗೆ ಮಾತು ಬಿಟ್ಟರು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ ನಾನು ಅವಳ ಹತ್ತಿರ ಕುಳಿತೆ. ಕೇಳಲು ಹೆದರಿಕೆ. ಅವಳೇ ಶುರುಮಾಡಿದಳು.

"ಮನಿ ಆಸೆಕ್ಕ ಹೂಂ ಅಂದ್ಲು ಅಂತಾರ ಮಂದಿ."

"ಅಂತಾರ," ಎಂದೆ ನಾನು.

"ಅನ್ನಲಿ. ಮನಿ ಬಿಟ್ಟು ಹೋಗಾಕ ನಂಗ ಸಂಕಟ ಆಗತೈತಿ, ಅದು ಖರೆ. ಆದರ ಅದಕ್ಕಲ್ಲ." ಅವಳು ಮೆಣಸಿನಕಾಯಿಯಲ್ಲಿ ಕೈಯಾಡಿಸುತ್ತಲೇ ಇದ್ದಳು. "ಇವರು ತೀರಿಕೊಂಡ ಮ್ಯಾಲ ಎಲ್ಲಾರೂ ನನ್ನ ಮುಂದ ದನಿ ಸಣ್ಣ ಮಾಡಿ ಮಾತಾಡ್ತಾರ. ಆ ಮನಷ್ಯಾ ಹಂಗ ಮಾಡ್ಲಿಲ್ಲ. ನನ್ನ ಹೇಣತಿ ಹೋದಳು ಅಂದ, ನೀರು ಕುಡದ. ನಂಗ ಅದು ಸೇರಿತು ತಂಗಿ."

ನಾನು ಅಳತೊಡಗಿದೆ. ಅವಳ ಸಲುವಾಗಿ ಅಲ್ಲ. ಅವಳಿಲ್ಲದ ಬಾಗಲಕೋಟೆಯ ಸಲುವಾಗಿ. ಕಣ್ಣೊರೆಸಿಕೊಂಡದ್ದು ಮೆಣಸಿನಕಾಯಿಯ ಕೈಯಿಂದ. ಆ ಮೇಲೆ ಕಣ್ಣು ಉರಿದು ನಾನು ಕುಣಿದದ್ದು, ಅವಳು ನನ್ನನ್ನು ಹಿಡಿದು ನೀರು ಹಾಕಿದ್ದು, ಇಬ್ಬರೂ ನಕ್ಕದ್ದು. ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಕೇಳಿದ ನಗು ಅದು.

ಅವಳು ಒಪ್ಪಿಗೆ ಹೇಳಿದ ದಿನ ಅತ್ತೆ ಬಾಗಿಲ ಹತ್ತಿರ ನಿಂತು, "ಹೋಗು. ನಾ ತಡಿಯೂದಿಲ್ಲ. ಆದರ ಇಂದಿನಿಂದ ನಿನ್ನ ಹೊಸ್ತಿಲ ನಾ ತುಳಿಯೂದಿಲ್ಲ, ನನ್ನ ಹೊಸ್ತಿಲ ನೀ ತುಳೀಬ್ಯಾಡ," ಎಂದರು. ಅವರು ನಿಂತಿದ್ದ ಹೊಸ್ತಿಲು ಇನ್ನು ಮೇಲೆ ಯಾರದೆಂದು ನಮಗೆಲ್ಲ ಗೊತ್ತಿತ್ತು. ನೀಲವ್ವ ಬಗ್ಗಿ ಅವರ ಕಾಲು ಮುಟ್ಟಿದಳು. ಅವಳ ಅಣ್ಣ ಬಂಡಿ ತಂದು ತವರಿಗೆ ಕರೆದೊಯ್ದ. ಉಡಿಕೆ ಅಲ್ಲಿಯೇ ಆಯಿತಂತೆ. ನಾವು ಗಂಟುಮೂಟೆ ಕಟ್ಟಿ ಬಾಗಲಕೋಟೆಯ ದಾರಿ ಹಿಡಿದೆವು. ಬಂಡಿ ಓಣಿ ತಿರುಗುವಾಗ ಹೊರಳಿ ನೋಡಿದೆ. ಮನೆ ಅಷ್ಟು ಚೆಂದ ಎಂದೂ ಕಂಡಿರಲಿಲ್ಲ.

ಬಾಗಲಕೋಟೆಯಲ್ಲಿ ನಮಗೆ ಒಳ್ಳೆಯದೇ ಆಯಿತು. ಅಂಗಡಿ ನಡೆಯಿತು, ಮಕ್ಕಳಾದವು. ನಮ್ಮವರು ನನಗೆ ಅಕ್ಷರ ಕಲಿಸಿದರು. ಅವೂ ನನ್ನ ರಂಗೋಲಿಯ ಜಾತಿಯವೇ. ಆದರೆ ಏನು ಮಾಡಿದರೂ, ಇದನ್ನು ನೀಲವ್ವ ನೋಡಿದ್ದರೆ ಎಂದು ಮನಸ್ಸಿಗೆ ಬರುತ್ತಿತ್ತು. ಮೊದಲನೆಯ ಮಗು ಹುಟ್ಟಿದಾಗ ಬಾಣಂತಿತನದ ಕೋಣೆಯಲ್ಲಿ ಮಲಗಿ ಬಾಗಿಲನ್ನೇ ನೋಡುತ್ತಿದ್ದೆ, ಆ ದೊಡ್ಡ ಹೆಜ್ಜೆಯ ಸಪ್ಪಳ ಬರುತ್ತದೇನೋ ಎಂದು. ಬರುವಂತಿರಲಿಲ್ಲ, ಗೊತ್ತಿತ್ತು. ಅತ್ತೆಯ ಮುಂದೆ ಅವಳ ಹೆಸರು ಎತ್ತುವಂತಿರಲಿಲ್ಲ. ಆಡಬಾರದೆಂದು ಇಟ್ಟುಕೊಂಡ ಹೆಸರು ನಾಲಗೆಯ ಮೇಲೆ ಎಷ್ಟು ಭಾರವಾಗುತ್ತದೆಂದು ಇಟ್ಟುಕೊಂಡವರಿಗೇ ಗೊತ್ತು.

ಆದರೆ ಒಂದು ವಿಚಿತ್ರ ನಡೆಯುತ್ತಿತ್ತು. ಸಂತೆಯ ದಿನ ಇಳಕಲ್ಲಿನ ಸೀರೆ ಹೇರಿಕೊಂಡು ಬಂಡಿಯವರು ನಮ್ಮ ಅಂಗಡಿಗೆ ಬರುತ್ತಿದ್ದರು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು, ಅದೂ ಇದೂ ಮಾತಾಡಿ, ಕೊನೆಗೆ ಕೇಳುತ್ತಿದ್ದರು: "ನಮ್ಮ ಹಳೀ ಮನಿ ಹೆಂಗೈತಪಾ? ಸೋರತೈತೇನು? ಸುಣ್ಣ ಬಣ್ಣ ಮಾಡ್ತಾರೇನು?"

"ಭಾಳ ಚೆಂದ ಇಟ್ಟಾರಬೇ," ಎನ್ನುತ್ತಿದ್ದರು ಅವರು.

"ಹೂಂ," ಎಂದು ಅತ್ತೆ ಒಳಗೆ ಹೋಗುತ್ತಿದ್ದರು. ಆ ದಿನ ಅವರು ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದುದನ್ನು ನಾನು ಕಂಡಿದ್ದೇನೆ. ಒಂದು ಸಲ ಬಂಡಿಯವನೊಬ್ಬ, ಮನೆಯಾಕೆಗೆ ಮೈ ನೆಟ್ಟಗಿಲ್ಲ, ಗೋಡೆ ಈ ವರ್ಷ ಹಾಗೇ ಬಿಟ್ಟಿದ್ದಾರೆ ಎಂದ. ಮುಂದಿನ ಸಂತೆಯವರೆಗೆ ಅತ್ತೆ ಯಾವುದಕ್ಕೂ ಮನಸ್ಸು ಕೊಡಲಿಲ್ಲ.

ವರ್ಷಗಳು ಉರುಳಿದವು. ಹುನಗುಂದದಲ್ಲಿ ನನ್ನ ತಮ್ಮನ ಮದುವೆ. ಮುಪ್ಪಾಗಿದ್ದ ಅತ್ತೆ ತಾವೂ ಬರುತ್ತೇನೆಂದು ಹಟ ಹಿಡಿದರು. ಮದುವೆ ಮುಗಿದು ಬಂಡಿ ಹೂಡಿದಾಗ, ಬಾಗಲಕೋಟೆಯ ದಾರಿ ಹಿಡಿಯಬೇಕಾದ ಬಂಡಿಯವನಿಗೆ, "ಇಳಕಲ್ಲ ಕಡೆ ಹೊಡಿ," ಎಂದರು. ನಾನು ಅವರ ಮುಖ ನೋಡಿದೆ. ಅವರು ಎತ್ತುಗಳ ಬೆನ್ನು ನೋಡುತ್ತಿದ್ದರು.

ನೀಲವ್ವ ಬಾಗಿಲಿಗೆ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು, ಮುಂದಲೆಯಲ್ಲಿ ನರೆ ಮೂಡಿತ್ತು. ನಮ್ಮನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅತ್ತೆ ಬಂಡಿಯಿಂದ ಇಳಿದು, ಯಾರ ಆಸರೆಯನ್ನೂ ತೆಗೆದುಕೊಳ್ಳದೆ ನಡೆದು, ಕಟ್ಟೆಯ ಮೇಲೆ ಕುಳಿತರು. ಗೋಡೆಯ ಬುಡ ನೋಡಿದರು.

"ಕೆಂಪು ಮಂದ ಆಗೈತಲ್ಲ."

"ಈ ಸಲ ಮಣ್ಣು ಛಲೋ ಬರ್ಲಿಲ್ಲರಿ ಅತ್ತಿ," ಎಂದಳು ನೀಲವ್ವ. ಅತ್ತಿ ಎಂಬ ಮಾತು ಬಾಯಿಂದ ಬಂದ ಮೇಲೆ ಸೆರಗು ಸರಿಮಾಡಿಕೊಂಡಳು. ಮೆಲ್ಲಗೆ ಅವಳು, "ಒಳಗ ಬರ್ರಿ," ಎಂದಳು.

"ಒಲ್ಲೆ. ಹೊಸ್ತಿಲ ತುಳಿಯೂದಿಲ್ಲ ಅಂದೇನಿ. ಆಡಿದ ಮಾತು ಆಡೇನಿ."

ನೀಲವ್ವ ಸ್ವಲ್ಪ ಯೋಚಿಸಿದಳು. "ಕಟ್ಟಿ ಮ್ಯಾಲ ಕುಂಡ್ರೂದಿಲ್ಲ ಅಂದಿಲ್ಲಲ್ರಿ," ಎಂದಳು.

ಅತ್ತೆಯ ಮುಖದಲ್ಲಿ ಏನೋ ಸಡಿಲಿತು. ನೀಲವ್ವ ಒಳಗೆ ಓಡಿದಳು. ಬಿಸಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಂದೊಂದಾಗಿ ಎಲ್ಲವೂ ಕಟ್ಟೆಗೆ ಬಂತು. ನಾವು ಮೂವರು ಹೆಂಗಸರು ಹಾಡುಹಗಲಲ್ಲಿ, ಓಣಿಯಲ್ಲಿ ಹೋಗಿಬರುವವರ ಕಣ್ಣ ಮುಂದೆ ತಾಟು ಇಟ್ಟುಕೊಂಡು ಉಂಡೆವು. ಆ ಕಾಲದಲ್ಲಿ ಅದು ಕೇಳರಿಯದ ಸಂಗತಿ. ಯಾರೋ ನಿಂತು ನೋಡಿದಾಗ ನಾನು ಸೆರಗು ಎಳೆದುಕೊಂಡೆ. "ನೋಡ್ಲಿ," ಎಂದು ಅತ್ತೆ ಇನ್ನೊಂದು ರೊಟ್ಟಿ ಮುರಿದರು. ನಡುವೆ ಸಂಗಪ್ಪ ಬಂದ. ಓಣಿಯಲ್ಲೇ ಒಂದು ಗಳಿಗೆ ನಿಂತು, ನಮ್ಮನ್ನು ಕಂಡು, ಮಾತಾಡದೆ ಹಿತ್ತಲ ಕಡೆಯಿಂದ ಒಳಗೆ ಹೋದ. ನಾವು ಹೊರಡುವವರೆಗೂ ಹೊರಗೆ ಬರಲಿಲ್ಲ. ಆ ಮನುಷ್ಯನ ಮೇಲೆ ನನಗೆ ಇದ್ದ ಹೊಟ್ಟೆಕಿಚ್ಚು ಅಂದು ಹೋಯಿತು.

ಏಳುವ ಮೊದಲು ಅತ್ತೆ ತಮ್ಮ ಗಂಟು ಬಿಚ್ಚಿದರು. ಅದರಲ್ಲಿ ಒಂದು ಖಣ, ತೆಂಗಿನಕಾಯಿ, ಅಕ್ಕಿ, ಅರಿಷಿಣದ ಬೇರು ಇದ್ದವು. ಅವನ್ನು ಹುನಗುಂದದಲ್ಲಿ ಕೊಂಡದ್ದಲ್ಲ. ಬಾಗಲಕೋಟೆಯಿಂದಲೇ ಕಟ್ಟಿಕೊಂಡು ಬಂದಿದ್ದರು. "ಸೆರಗು ಒಡ್ಡು," ಎಂದರು. ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ ಅವಳ ಉಡಿ ತುಂಬಿದರು. ಒಂದಿಷ್ಟು ಅಕ್ಕಿ ಕೆಳಗೆ ಚೆಲ್ಲಿತು. ನೀಲವ್ವ ತುಂಬಿದ ಉಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವಳ ಕೈಯ ಹಿಟ್ಟು ನನ್ನ ಬಳೆಗಳಿಗೆ ಮೆತ್ತಿತು. ಬಂಡಿಯಲ್ಲಿ ನಾನು ಅದನ್ನು ಒರೆಸಲಿಲ್ಲ. ತಾನಾಗಿ ಒಣಗಿ ಉದುರಿತು.

ಮುಂದಿನ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಸುದ್ದಿ ಕಳಿಸುವಷ್ಟರಲ್ಲಿ ಇಳಕಲ್ಲಿನಿಂದ ಬೇರೆ ಸುದ್ದಿ ಬಂತು: ಸಂಗಪ್ಪ ವ್ಯಾಪಾರ ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋಗಿದ್ದಾನೆ, ಮನೆ ಬೇರೆಯವರಿಗೆ ಆಗಿದೆ. ಆ ಕಡೆಯಿಂದ ಬಂದವರನ್ನು ಕೇಳುತ್ತಲೇ ಇದ್ದೆ. ಸೊಲ್ಲಾಪುರ ದೊಡ್ಡ ಊರಂತೆ; ಯಾರೂ ಕಂಡವರಿಲ್ಲ. ಆಮೇಲೆ ಕೇಳುವುದೂ ಕಡಿಮೆಯಾಯಿತು, ಬರುವವರೂ ಕಡಿಮೆಯಾದರು.

ಇಷ್ಟು ಬರೆಯುವಷ್ಟರಲ್ಲಿ ಮಧ್ಯಾಹ್ನವಾಗಿದೆ. ಸಾಲೆಯಿಂದ ಬಂದ ಮೊಮ್ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ಈ ಹಾಳೆಗಳನ್ನು ಓದಿದಳು. ನನ್ನ ಅಕ್ಷರ ಓದಬಲ್ಲವಳು ಈ ಮನೆಯಲ್ಲಿ ಅವಳೊಬ್ಬಳೇ.

"ಅಜ್ಜಿ, ಈ ನೀಲವ್ವ ನಿನಗ ಏನಾಗಬೇಕು?"

ನೇಮದ ಪ್ರಕಾರ ಅವಳು ನನಗೆ ಏನೂ ಆಗಬೇಕಾಗಿರಲಿಲ್ಲ. ಅದಕ್ಕೇ ಇಷ್ಟು ವರ್ಷ ನನ್ನ ಮಕ್ಕಳ ಮುಂದೆಯೂ ಆ ಹೆಸರು ಆಡಿರಲಿಲ್ಲ. ಯಾರೆಂದು ಕೇಳಿದರೆ ಹೇಳಲು ಮಾತು ಇರಲಿಲ್ಲ.

"ಅಕ್ಕ ಆಗಬೇಕು," ಎಂದೆ.

"ನಿನಗ ಅಕ್ಕ ಇದ್ದಳಂತ ಒಮ್ಮೆನೂ ಹೇಳಿಲ್ಲಲ್ಲ?"

"ಅದಾಳ," ಎಂದೆ. ಇದ್ದಳು ಎನ್ನಬೇಕಿತ್ತೋ ಏನೋ, ನನಗೆ ಗೊತ್ತಿಲ್ಲ. ಬಾಯಿಗೆ ಬಂದದ್ದು ಅದು. ಹುಡುಗಿ ಚೀಲ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕುಳಿತು, "ಹೆಂಗ ಅದಾಳ?" ಎಂದು ಕೇಳಿದಳು. ನಾನು, ಎತ್ತರದ ಆಳು, ದೊಡ್ಡ ಹೆಜ್ಜೆ, ಎಂದು ಶುರುಮಾಡಿದೆ.